ಶೂನ್ಯದ ಲೆಕ್ಕ ಕಾಮರ್ಸ್‌ನವರಿಗೂ ಬೇಕು

ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಫೆಬ್ರವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತೇವೆ. ಮೇಲಿನ ಮಹಡಿಯ ಪ್ರಯೋಗಾಲಯದಲ್ಲಿ ಮಾದರಿಗಳನ್ನು ಇಡುತ್ತಾರೆ, ಹೊರಗಿನಿಂದ ಒಬ್ಬ ಅತಿಥಿ ಬಂದು ಉಪನ್ಯಾಸ ಕೊಡುತ್ತಾರೆ. ಆದರೆ ಕರೆ ಬರುವುದು ಪಿಸಿಎಂಬಿ ಮತ್ತು ಪಿಸಿಎಂಸಿ ವಿದ್ಯಾರ್ಥಿಗಳಿಗೆ ಮಾತ್ರ. ಆ ಹೊತ್ತಿನಲ್ಲಿ ಕಾಮರ್ಸ್ ಮತ್ತು ಆರ್ಟ್ಸ್‌ನವರಾದ ನಮಗೆ ಎಂದಿನಂತೆ ತರಗತಿ ಇರುತ್ತದೆ. ಈ ಪದ್ಧತಿ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ.

ಇದನ್ನು ಈಗ ಬರೆಯಲು ಒಂದು ಕಾರಣವಿದೆ. ಇತ್ತೀಚೆಗೆ ನಮ್ಮ ತರಗತಿಯಲ್ಲಿ ನಡೆದ ಚರ್ಚಾಸ್ಪರ್ಧೆಯ ವಿಷಯ, ‘ತಕ್ಷಣ ಪ್ರಯೋಜನವಿಲ್ಲದ ವಿಜ್ಞಾನಕ್ಕೆ ಸರ್ಕಾರ ಹಣ ಖರ್ಚು ಮಾಡಬೇಕೆ?’ ಎಂದಿತ್ತು. ಮಾತನಾಡಿದವರಲ್ಲಿ ಹೆಚ್ಚಿನವರು ಬೇಡ ಎಂದರು. ಶಿವಾಜಿನಗರದ ರಸ್ತೆಗಳನ್ನು ನೋಡಿ, ಆಸ್ಪತ್ರೆಯ ಸಾಲು ನೋಡಿ, ಆಮೇಲೆ ನಕ್ಷತ್ರಗಳ ಮಾತು ಎಂದಾಗ ಚಪ್ಪಾಳೆ ಬಿತ್ತು. ಮನೆಯಲ್ಲಿ ಅಬ್ಬಾ ಕೂಡ ಅದೇ ಕೇಳಿದರು: ‘ಇಸ್ ಮೆ ಫಾಯ್ದಾ ಕ್ಯಾ?’ ಫಾಯ್ದೆಯ ಪ್ರಶ್ನೆ ಕೇಳುವುದು ತಪ್ಪಲ್ಲ. ಕಾಮರ್ಸ್ ಓದುವವರು ಅದನ್ನು ಕೇಳಲೇಬೇಕು. ಆದರೆ ಲೆಕ್ಕದ ಪುಸ್ತಕ ತೆರೆಯದೆ ನಷ್ಟ ಎಂದು ಬರೆಯುವುದು ಸರಿಯಲ್ಲ. ಅದಕ್ಕಾಗಿ ಫಾಯ್ದೆ ಎಲ್ಲಕ್ಕಿಂತ ಕಡಿಮೆ ಎನಿಸುವ ಒಂದು ಸಂಶೋಧನೆಯನ್ನೇ ಆರಿಸಿಕೊಂಡಿದ್ದೇನೆ. ಅದು ಏನೂ ಇಲ್ಲದ ಜಾಗವನ್ನು ಬೆಳಕಿನಿಂದ ಅಳೆಯುವ ಕೆಲಸ.

ನಿರ್ವಾತ ಎಂದರೆ ಗಾಳಿಯನ್ನೂ ತೆಗೆದುಹಾಕಿದ ಖಾಲಿ ಜಾಗ ಎಂದು ಹತ್ತನೇ ತರಗತಿಯವರೆಗೆ ಓದಿದ್ದೇವೆ. ಕ್ವಾಂಟಂ ಸಿದ್ಧಾಂತದ ಪ್ರಕಾರ ಅದು ಪೂರ್ತಿ ಖಾಲಿಯಲ್ಲ. ಅಲ್ಲಿ ವಿದ್ಯುತ್ ಕ್ಷೇತ್ರದ ಮತ್ತು ಕಾಂತಕ್ಷೇತ್ರದ ಸರಾಸರಿ ಸೊನ್ನೆ. ಆದರೆ ಆ ಸೊನ್ನೆಯ ಸುತ್ತ ಸಣ್ಣ ಏರಿಳಿತ ಸದಾ ಇರುತ್ತದೆ. ಇದನ್ನು ನಮ್ಮ ಭಾಷೆಯಲ್ಲಿ ಹೀಗೆ ಹೇಳಬಹುದು. ರಸ್ಸೆಲ್ ಮಾರ್ಕೆಟ್‌ನ ಒಬ್ಬ ಹಣ್ಣಿನ ವ್ಯಾಪಾರಿ ಬೆಳಿಗ್ಗೆ ಸಾಲ ತಂದು ಮಾಲು ಹಾಕುತ್ತಾರೆ, ದಿನವಿಡೀ ಮಾರುತ್ತಾರೆ, ರಾತ್ರಿ ಸಾಲ ತೀರಿಸಿ ಉಳಿದದ್ದನ್ನು ಮನೆಗೆ ಕೊಡುತ್ತಾರೆ. ಖಾತೆಯ ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆ. ಆ ಒಂದು ಸಾಲನ್ನಷ್ಟೇ ನೋಡಿದವರಿಗೆ ಇಲ್ಲಿ ವ್ಯಾಪಾರವೇ ನಡೆದಿಲ್ಲ ಅನ್ನಿಸುತ್ತದೆ. ಈ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ, ಏಕೆಂದರೆ ವ್ಯಾಪಾರಿಯ ಪ್ರತಿಯೊಂದು ವ್ಯವಹಾರವನ್ನೂ ಬರೆದಿಡಬಹುದು, ನಿರ್ವಾತದ ಏರಿಳಿತವನ್ನು ಹಾಗೆ ಒಂದೊಂದಾಗಿ ಬರೆಯಲಾಗದು. ಆದರೂ ಬಾಕಿ ಸೊನ್ನೆ ಎಂದರೆ ಚಟುವಟಿಕೆ ಸೊನ್ನೆ ಎಂದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇದು ಬರೀ ಕಾಗದದ ಮೇಲಿನ ಮಾತಲ್ಲ. 1948ರಲ್ಲಿ ನೆದರ್‌ಲ್ಯಾಂಡ್ಸ್‌ನ ಫಿಲಿಪ್ಸ್ ಪ್ರಯೋಗಾಲಯದಲ್ಲಿದ್ದ ಹೆಂಡ್ರಿಕ್ ಕ್ಯಾಸಿಮಿರ್ ಒಂದು ಲೆಕ್ಕ ಮಾಡಿದರು. ನಿರ್ವಾತದಲ್ಲಿ ಎರಡು ಲೋಹದ ಹಲಗೆಗಳನ್ನು ಬಹಳ ಹತ್ತಿರ ಇಟ್ಟರೆ, ಅವುಗಳಲ್ಲಿ ವಿದ್ಯುದಾವೇಶ ಇಲ್ಲದಿದ್ದರೂ ಒಂದನ್ನೊಂದು ಸ್ವಲ್ಪ ಎಳೆಯಬೇಕು. ಅಮೆರಿಕದ ಸ್ಟೀವ್ ಲ್ಯಾಮೊರೊ 1997ರಲ್ಲಿ ಆ ಬಲವನ್ನು ಚೆನ್ನಾಗಿ ಅಳೆದರು. ಮರುವರ್ಷ, ಕ್ಯಾಲಿಫೋರ್ನಿಯದ ರಿವರ್‌ಸೈಡ್ ವಿಶ್ವವಿದ್ಯಾಲಯದಲ್ಲಿ ಉಮರ್ ಮೊಹಿದೀನ್ ಮತ್ತು ಅನುಶ್ರೀ ರಾಯ್ ಇನ್ನೂ ನಿಖರವಾಗಿ ಅಳೆದರು. ಅವರು ಲೋಹದ ಲೇಪನವಿರುವ ಒಂದು ಸಣ್ಣ ಗೋಲಿಯನ್ನು ತೆಳುವಾದ ಪಟ್ಟಿಯ ತುದಿಗೆ ಅಂಟಿಸಿ, ಅದನ್ನು ಲೋಹದ ಹಲಗೆಯ ಹತ್ತಿರಕ್ಕೆ, ಒಂದು ಮೈಕ್ರಾನ್‌ಗಿಂತ ಕಡಿಮೆ ದೂರಕ್ಕೆ ತಂದರು. ಪಟ್ಟಿ ಎಷ್ಟು ಬಾಗಿತು ಎಂಬುದನ್ನು ಅದರ ಬೆನ್ನಿನಿಂದ ಪ್ರತಿಫಲಿಸಿದ ಲೇಸರ್ ಕಿರಣ ಎಷ್ಟು ಸರಿಯಿತು ಎಂದು ನೋಡಿ ತಿಳಿದರು. ಖಾಲಿ ಜಾಗದ ಎಳೆತವನ್ನು ಬೆಳಕು ತೋರಿಸಿಕೊಟ್ಟಿತು.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಕ್ಯಾಲ್ಸೈಟ್ ಎಂಬ ಹರಳನ್ನು ಪುಸ್ತಕದ ಮೇಲೆ ಇಟ್ಟರೆ ಪ್ರತಿ ಅಕ್ಷರವೂ ಎರಡೆರಡಾಗಿ ಕಾಣುತ್ತದೆ. ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದರ ಮೇಲೆ ಹರಳಿನೊಳಗೆ ಅದರ ವೇಗ ಬದಲಾಗುವುದೇ ಇದಕ್ಕೆ ಕಾರಣ. ಇದರ ಹೆಸರು ದ್ವಿವಕ್ರೀಭವನ. 1936ರಲ್ಲಿ ಜರ್ಮನಿಯ ವೆರ್ನರ್ ಹೈಸನ್‌ಬರ್ಗ್ ಮತ್ತು ಹಾನ್ಸ್ ಆಯ್ಲರ್ ಪ್ರಕಟಿಸಿದ ಲೆಕ್ಕದಿಂದ ಒಂದು ವಿಚಿತ್ರ ಸಂಗತಿ ಹೊರಬರುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ನಿರ್ವಾತವೂ ಹರಳಿನಂತೆ ವರ್ತಿಸಬೇಕು. ಆದರೆ ಪರಿಣಾಮ ತೀರಾ ಚಿಕ್ಕದು. ಕ್ಷೇತ್ರ 2.5 ಟೆಸ್ಲಾ, ಅಂದರೆ ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ಇರುವಷ್ಟು ಇದ್ದಾಗ, ಎರಡು ದಿಕ್ಕಿನ ಬೆಳಕಿಗೆ ವಕ್ರೀಭವನ ಸೂಚ್ಯಂಕದಲ್ಲಿ ಬರುವ ವ್ಯತ್ಯಾಸವನ್ನು ಬರೆಯಲು ದಶಮಾಂಶ ಬಿಂದುವಿನ ನಂತರ 22 ಸೊನ್ನೆ ಹಾಕಿ ಆಮೇಲೆ 25 ಬರೆಯಬೇಕು.

ಇಟಲಿಯ ಪಿವಿಲಾಸ್ ಎಂಬ ತಂಡ ಇದನ್ನು ಹಿಡಿಯಲು 25 ವರ್ಷ ಕೆಲಸ ಮಾಡಿತು. ಕೊನೆಯ ಉಪಕರಣ ಫೆರಾರ ನಗರದಲ್ಲಿತ್ತು. ಅದರಲ್ಲಿ ಎರಡು ಕನ್ನಡಿಗಳ ನಡುವೆ ಲೇಸರ್ ಬೆಳಕು ನಾಲ್ಕು ಲಕ್ಷಕ್ಕೂ ಹೆಚ್ಚು ಬಾರಿ ಹಾದುಹೋದಷ್ಟು ದಾರಿ ಕ್ರಮಿಸುತ್ತಿತ್ತು, ನಡುವೆ ಆಯಸ್ಕಾಂತಗಳು ತಿರುಗುತ್ತಿದ್ದವು. ಬೆಳಕಿನ ಬದಲಾವಣೆ ಆಯಸ್ಕಾಂತದ ತಿರುಗುವಿಕೆಯ ಲಯಕ್ಕೇ ಸರಿಯಾಗಿ ಬಂದರೆ ಅದನ್ನು ಗದ್ದಲದಿಂದ ಬೇರ್ಪಡಿಸಬಹುದು ಎಂಬುದು ಉಪಾಯ.

ಗದ್ದಲ ಎಂದರೆ ಏನೆಂದು ನನಗೆ ಗೊತ್ತಾಗಿದ್ದು ಜ್ಯುವೆಲರ್ಸ್ ಸ್ಟ್ರೀಟ್‌ನಲ್ಲಿ. ನನ್ನ ಮಾಮು ಅಲ್ಲಿ ಚಿನ್ನದ ಅಂಗಡಿಯೊಂದರಲ್ಲಿ ತೂಕ ನೋಡುವ ಕೆಲಸ ಮಾಡುತ್ತಾರೆ. ಅವರ ತಕ್ಕಡಿ ಮಿಲಿಗ್ರಾಂ ತೋರಿಸುತ್ತದೆ, ಅದಕ್ಕೆ ಸುತ್ತಲೂ ಗಾಜಿನ ಪೆಟ್ಟಿಗೆ ಇದೆ. ಗಾಜು ತೆರೆದು ಫ್ಯಾನ್ ಹಾಕಿದರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ. ಹತ್ತಿರದಲ್ಲಿ ಮೆಟ್ರೊ ಸುರಂಗದ ಕೆಲಸ ನಡೆಯುತ್ತಿದ್ದಾಗ ಒಂದೊಂದು ದಿನ ಗಾಜು ಮುಚ್ಚಿದರೂ ಅಂಕಿ ಕುಣಿಯುತ್ತಿತ್ತು. ಮಾಮು ಪ್ರತಿ ಸಲ ಮೊದಲು ಖಾಲಿ ತಟ್ಟೆಯ ತೂಕ ನೋಡಿ, ಅದು ಸೊನ್ನೆಗೆ ಬಂದ ಮೇಲೆಯೇ ಒಡವೆ ಇಡುತ್ತಾರೆ. ‘ಖಾಲಿ ತಟ್ಟೆ ಸರಿ ಇಲ್ಲದಿದ್ದರೆ ಚಿನ್ನದ ತೂಕವೂ ಸುಳ್ಳು’ ಎನ್ನುತ್ತಾರೆ. ನಿರ್ವಾತವನ್ನು ಅಳೆಯುವವರು ಮಾಡುವುದೂ ಅದನ್ನೇ. ಅವರ ತಟ್ಟೆಯಲ್ಲಿ ಒಡವೆ ಇಲ್ಲ, ಖಾಲಿ ತಟ್ಟೆಯದೇ ತೂಕ ಬೇಕು.

ಪಿವಿಲಾಸ್ ತಂಡದ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ 2006ರದು. ಆ ವರ್ಷ ಅವರು ತಮಗೆ ಒಂದು ಸಂಕೇತ ಸಿಕ್ಕಿದೆ ಎಂದು ಪ್ರಕಟಿಸಿದರು. ಅದು ನಿರೀಕ್ಷೆಗಿಂತ ಎಷ್ಟೋ ದೊಡ್ಡದಾಗಿತ್ತು. ಹೊಸ ಕಣವೊಂದು ಪತ್ತೆಯಾಗಿರಬಹುದು ಎಂದು ಜಗತ್ತಿನ ಹಲವೆಡೆ ಲೇಖನಗಳು ಬಂದವು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಉಪಕರಣವನ್ನು ಸುಧಾರಿಸಿ ಮತ್ತೆ ಅಳೆದರು, ಸಂಕೇತ ಮಾಯವಾಯಿತು. ಅದು ಉಪಕರಣದಿಂದಲೇ ಬಂದದ್ದು ಎಂದು ಮುಂದಿನ ವರ್ಷ ತಾವೇ ಪ್ರಕಟಿಸಿದರು. 2020ರಲ್ಲಿ ಕೊನೆಯ ವರದಿ ಬಂದಾಗಲೂ ಪರಿಣಾಮ ಸಿಕ್ಕಿರಲಿಲ್ಲ. ಅವರ ಅಳತೆಯ ಅನಿಶ್ಚಿತತೆ, ಹುಡುಕುತ್ತಿದ್ದ ಪರಿಣಾಮಕ್ಕಿಂತ ಸುಮಾರು ಏಳು ಪಟ್ಟು ದೊಡ್ಡದಾಗಿಯೇ ಉಳಿಯಿತು. ಕನ್ನಡಿಗಳ ಲೇಪನದಲ್ಲಿ ಶಾಖದಿಂದ ಆಗುವ ಗದ್ದಲವೇ ಅಡ್ಡಿ ಎಂದೂ ಬರೆದರು.

ಚರ್ಚೆಯಲ್ಲಿ ನಮ್ಮ ಗೆಳತಿಯರು ಇದನ್ನೇ ‘25 ವರ್ಷ ವ್ಯರ್ಥ’ ಎನ್ನಬಹುದು. ನಾವು ಆಡಿಟಿಂಗ್ ಬಗ್ಗೆ ಓದುವವರು. ಆಡಿಟರ್ ಬಂದು ಎಲ್ಲ ವೋಚರ್ ನೋಡಿ, ಇಲ್ಲಿ ಮೋಸ ಕಾಣಲಿಲ್ಲ ಎಂದು ಸಹಿ ಹಾಕಿದರೆ ಅವರ ಶುಲ್ಕ ವ್ಯರ್ಥ ಎನ್ನುತ್ತೇವೆಯೆ? ಈ ಮಿತಿಯವರೆಗೆ ಏನೂ ಇಲ್ಲ ಎಂದು ಖಚಿತವಾಗಿ ತಿಳಿಯುವುದಕ್ಕೂ ಬೆಲೆ ಇದೆ. ಮುಂದಿನವರು ಎಲ್ಲಿಂದ ಶುರು ಮಾಡಬೇಕು ಎಂಬುದು ಅದರಿಂದ ಗೊತ್ತಾಗುತ್ತದೆ. ತಮ್ಮದೇ ದೊಡ್ಡ ಸುದ್ದಿಯನ್ನು ತಾವೇ ತಿದ್ದಿಕೊಳ್ಳುವ ಅಭ್ಯಾಸ ವ್ಯಾಪಾರದಲ್ಲೂ ಬರಬೇಕಾದದ್ದು.

ಇಟಲಿಯ ಕಥೆ ನಮಗೇಕೆ ಎಂದು ಕೇಳಿದರೆ, ಇದೇ ವಿಷಯದ ಇನ್ನೊಂದು ದಾರಿ ನಮ್ಮ ಊರಿನಿಂದಲೇ ಹೋಗುತ್ತದೆ. ಭೂಮಿಯ ಮೇಲೆ ಸಾಕಷ್ಟು ಬಲವಾದ ಆಯಸ್ಕಾಂತ ಸಿಗದಿದ್ದರೆ ಆಕಾಶದಲ್ಲಿ ಹುಡುಕಬಹುದು. ನ್ಯೂಟ್ರಾನ್ ನಕ್ಷತ್ರಗಳ ಕಾಂತಕ್ಷೇತ್ರ ಪ್ರಯೋಗಾಲಯದ ಆಯಸ್ಕಾಂತಕ್ಕಿಂತ ಕೋಟಿಗಟ್ಟಲೆ ಪಟ್ಟು ಹೆಚ್ಚು. 2016ರಲ್ಲಿ ಚಿಲಿ ದೇಶದ ದೊಡ್ಡ ದೂರದರ್ಶಕದಿಂದ ಅಂಥ ಒಂದು ನಕ್ಷತ್ರದ ಬೆಳಕು ಸುಮಾರು 16 ಶೇಕಡಾ ಧ್ರುವೀಕರಣ ಹೊಂದಿರುವುದು ಕಂಡಿತು, ಅಂದರೆ ಅಷ್ಟು ಪಾಲು ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿತ್ತು. ನಿರ್ವಾತದ ದ್ವಿವಕ್ರೀಭವನವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇದನ್ನು ವಿವರಿಸುವುದು ಸುಲಭ ಎಂದು ಆ ವಿಜ್ಞಾನಿಗಳು ವಾದಿಸಿದರು. ಅದು ಬಲವಾದ ಸುಳಿವು, ಅಂತಿಮ ತೀರ್ಪಲ್ಲ.

2024ರ ಜನವರಿ 1ರಂದು ಇಸ್ರೋ ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಅದು ಆಕಾಶದಿಂದ ಬರುವ ಕ್ಷ-ಕಿರಣಗಳ ಧ್ರುವೀಕರಣ ಅಳೆಯಲೆಂದೇ ಮಾಡಿದ ಭಾರತದ ಮೊದಲ ಉಪಗ್ರಹ. ಅದರ ಮುಖ್ಯ ಉಪಕರಣ ಪೋಲಿಕ್ಸ್ ತಯಾರಾದದ್ದು ಮೇಖ್ರಿ ವೃತ್ತದ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಇನ್ನೊಂದು ಉಪಕರಣ ಎಕ್ಸ್‌ಪೆಕ್ಟ್ ತಯಾರಾದದ್ದು ಹಳೆ ಏರ್‌ಪೋರ್ಟ್ ರಸ್ತೆಯ ವಿಮಾನಪುರದಲ್ಲಿರುವ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಇಂದಿರಾನಗರದಿಂದ ದೊಮ್ಮಲೂರು ದಾಟಿ ಮಾರತ್ತಹಳ್ಳಿ ಬಸ್ಸಿನಲ್ಲಿ ಹೋಗುವವರು ಆ ಗೋಡೆಯನ್ನು ದಿನಾ ನೋಡುತ್ತಾರೆ. ಪೋಲಿಕ್ಸ್ ಒಳಗೆ ಕ್ಷ-ಕಿರಣವನ್ನು ಚದುರಿಸುವ ಒಂದು ವಸ್ತು ಇದೆ, ಅದರ ಸುತ್ತ ನಾಲ್ಕು ಶೋಧಕಗಳಿವೆ. ಯಾವ ದಿಕ್ಕಿಗೆ ಹೆಚ್ಚು ಕಿರಣ ಚದುರಿತು ಎಂದು ಎಣಿಸಿದರೆ ಧ್ರುವೀಕರಣ ಗೊತ್ತಾಗುತ್ತದೆ. ನಿರ್ವಾತದ ಈ ಗುಣವನ್ನು ಪೋಲಿಕ್ಸ್ ಕಂಡುಹಿಡಿಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಪ್ರಬಲ ಕಾಂತಕ್ಷೇತ್ರದ ನಕ್ಷತ್ರಗಳನ್ನು ಅರಿಯಲು ಬೇಕಾದ ಕಣ್ಣು ನಮ್ಮ ನಗರದಲ್ಲಿ ತಯಾರಾಗಿದೆ.

ಅದೇ ರಾಮನ್ ಸಂಸ್ಥೆಯ ಇನ್ನೊಂದು ಕಥೆ ಫಾಯ್ದೆ ಕೇಳುವವರಿಗೆ ಗೊತ್ತಿರಬೇಕು. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಪಂಚರತ್ನಂ ಅಲ್ಲಿ ಹರಳುಗಳ ಮೂಲಕ ಹೋಗುವ ಧ್ರುವೀಕೃತ ಬೆಳಕನ್ನು ಅಧ್ಯಯನ ಮಾಡುತ್ತಿದ್ದರು. 1956ರಲ್ಲಿ, ಸುಮಾರು 22ರ ವಯಸ್ಸಿನಲ್ಲಿ, ಒಂದು ಫಲಿತಾಂಶ ಪ್ರಕಟಿಸಿದರು. ಆಗ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. 1969ರಲ್ಲಿ ಅವರು ತೀರಿಕೊಂಡರು. 1980ರ ದಶಕದಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರಿ ಹೊಸದೊಂದು ತತ್ವ ಕಂಡುಕೊಂಡಾಗ, ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರಲ್ಲಿ ಹಳೆಯ ಲೇಖನವನ್ನು ನೆನಪಿಸಿದರು. ಪಂಚರತ್ನಂ ಅದರ ಒಂದು ರೂಪವನ್ನು 30 ವರ್ಷ ಮೊದಲೇ ಕಂಡಿದ್ದರು. ಈಗ ಅವರ ಹೆಸರು ಜಗತ್ತಿನ ದ್ಯುತಿವಿಜ್ಞಾನದ ಪುಸ್ತಕಗಳಲ್ಲಿದೆ. 1960ರಲ್ಲಿ ಯಾರಾದರೂ ಇದರ ಲಾಭ ಎಷ್ಟು ಎಂದು ಕೇಳಿದ್ದರೆ ಸೊನ್ನೆ ಎಂದೇ ಬರೆಯಬೇಕಿತ್ತು.

ಈಗ ಹಣದ ಮಾತು. ಅಮೆರಿಕದ ಲೈಗೋ ಯಂತ್ರ 2015ರಲ್ಲಿ ಮೊದಲ ಸಲ ಗುರುತ್ವ ತರಂಗವನ್ನು ಹಿಡಿಯಿತು. ಅದರ ತೋಳುಗಳು ನಾಲ್ಕು ಕಿಲೋಮೀಟರ್ ಉದ್ದ. ಅವುಗಳ ಉದ್ದದಲ್ಲಿ ಪ್ರೋಟಾನಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಬದಲಾವಣೆಯನ್ನು ಅದು ಗುರುತಿಸಬೇಕು. ಅಷ್ಟು ಸೂಕ್ಷ್ಮವಾದಾಗ ನಿರ್ವಾತದ ಏರಿಳಿತವೇ ಗದ್ದಲವಾಗಿ ಅಡ್ಡ ಬರುತ್ತದೆ. ಆ ಏರಿಳಿತವನ್ನು ತೆಗೆದುಹಾಕಲು ಆಗುವುದಿಲ್ಲ. ಆದರೆ ಬೇಕಾದ ಕಡೆ ಕಡಿಮೆ ಮಾಡಿ, ಬೇಡದ ಕಡೆ ಹೆಚ್ಚಾಗಲು ಬಿಡಬಹುದು. ಇದಕ್ಕೆ ಹಿಂಡಿದ ನಿರ್ವಾತ ಎನ್ನಬಹುದು. 2019ರಿಂದ ಅದನ್ನು ಬಳಸಿದಾಗ ತರಂಗಗಳು ಸಿಗುವ ಸಾಧ್ಯತೆ ಸುಮಾರು 40ರಿಂದ 50 ಶೇಕಡಾ ಹೆಚ್ಚಿತು. ಖಾಲಿ ಜಾಗದ ಬಗ್ಗೆ ದಶಕಗಳಿಂದ ತಲೆ ಕೆಡಿಸಿಕೊಂಡವರ ಕೆಲಸ ಹೀಗೆ ನಗದಾಯಿತು. ಇಂಥದ್ದೇ ಯಂತ್ರವನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಸುಮಾರು 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅದು ನಮ್ಮೆಲ್ಲರ ತೆರಿಗೆ ಹಣ, ಜ್ಯುವೆಲರ್ಸ್ ಸ್ಟ್ರೀಟ್‌ನ ಜಿಎಸ್‌ಟಿಯೂ ಅದರಲ್ಲಿ ಸೇರಿದೆ. ಹಾಗಾದರೆ ಅದರ ಲೆಕ್ಕ ಕೇಳಲು ನಮಗೆ ಹಕ್ಕಿದೆ. ಲೆಕ್ಕ ಕೇಳಬೇಕಾದರೆ ವಿಷಯ ಸ್ವಲ್ಪವಾದರೂ ಗೊತ್ತಿರಬೇಕು. ಮುಂದೆ ಬ್ಯಾಂಕಿನಲ್ಲೋ ಆಡಿಟ್ ಕಚೇರಿಯಲ್ಲೋ ಸರ್ಕಾರದ ಹಣಕಾಸು ಇಲಾಖೆಯಲ್ಲೋ ಕುಳಿತು ಇಂಥ ಕಡತಗಳಿಗೆ ಸಹಿ ಹಾಕುವವರು ಕಾಮರ್ಸ್ ಓದಿದ ನಾವೇ ಆಗಿರಬಹುದು. ಹೌದು, ರಸ್ತೆಯೂ ಬೇಕು, ಆಸ್ಪತ್ರೆಯೂ ಬೇಕು. ರಸ್ತೆ ಹಾಳಾಗಿರುವುದು ದೂರದರ್ಶಕಕ್ಕೆ ಹಣ ಕೊಟ್ಟದ್ದರಿಂದಲೇ ಎಂದು ಹೇಳುವವರು ಎರಡೂ ಬಜೆಟ್ ತೋರಿಸಿ ಹೇಳಲಿ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ನಮ್ಮ ಕಾಲೇಜಿನಲ್ಲಿ ಕಾಮರ್ಸ್ ಸೇರಿದವರೆಲ್ಲ ವಿಜ್ಞಾನ ಬೇಡವೆಂದು ಬಿಟ್ಟವರಲ್ಲ. ವಿಜ್ಞಾನ ಎಂದರೆ ಎರಡು ವರ್ಷ ಟ್ಯೂಷನ್, ಆಮೇಲೆ ಸಿಇಟಿ, ನೀಟ್ ಕೋಚಿಂಗ್. ಟ್ಯಾನರಿ ರಸ್ತೆ, ಹಲಸೂರು, ಕೆ.ಆರ್. ಪುರಂ ಕಡೆಯಿಂದ ಬರುವ ಎಷ್ಟೋ ಮನೆಗಳಲ್ಲಿ ಆ ಖರ್ಚು ಒಬ್ಬರಿಗೆ ಮಾತ್ರ ಸಾಧ್ಯ. ಆ ಒಬ್ಬರು ಸಾಮಾನ್ಯವಾಗಿ ಭಾಯಿ ಆಗಿರುತ್ತಾರೆ. ತಂಗಿಗೆ ಕಾಮರ್ಸ್ ಸಾಕು, ಮನೆ ಹತ್ತಿರ ಅಕೌಂಟ್ಸ್ ಕೆಲಸ ಸಿಕ್ಕೀತು ಎನ್ನುತ್ತಾರೆ. ನಮ್ಮ ತರಗತಿಯಲ್ಲಿ ಹತ್ತನೇ ತರಗತಿಯ ವಿಜ್ಞಾನದಲ್ಲಿ ತೊಂಬತ್ತರ ಮೇಲೆ ಅಂಕ ಪಡೆದ ಹುಡುಗಿಯರಿದ್ದಾರೆ. ಅವರಿಗೆ ಮಹಡಿ ಮೇಲಿನ ಪ್ರಯೋಗಾಲಯದ ಬಾಗಿಲನ್ನೂ ಮುಚ್ಚಿದರೆ, ಖರ್ಚಿನ ಕಾರಣಕ್ಕೆ ಬಿಟ್ಟದ್ದನ್ನು ಯೋಗ್ಯತೆ ಇಲ್ಲದೆ ಬಿಟ್ಟದ್ದು ಎಂದು ಅವರೇ ನಂಬಲು ಶುರು ಮಾಡುತ್ತಾರೆ.

ಭಾಷೆಯೂ ಒಂದು ಅಡ್ಡಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಮತ್ತು ತಮಿಳು, ಪುಸ್ತಕದಲ್ಲಿ ಇಂಗ್ಲಿಷ್. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ‘ವಕ್ರೀಭವನ’, ‘ಧ್ರುವೀಕರಣ’ ಎಂಬ ಮಾತುಗಳು ನನಗೆ ಹೆದರಿಕೆ ಹುಟ್ಟಿಸುವುದಿಲ್ಲ. ಈ ಲೇಖನವನ್ನು ಕನ್ನಡದಲ್ಲೇ ಬರೆದದ್ದು ಅದಕ್ಕೆ. ನಮ್ಮ ಸಭೆಗಳಲ್ಲಿ ಬೆಳಕಿನ ವಿಜ್ಞಾನದ ಮಾತು ಬಂದಾಗಲೆಲ್ಲ, ಸಾವಿರ ವರ್ಷದ ಹಿಂದೆ ಕೈರೋದಲ್ಲಿ ಕಿತಾಬುಲ್ ಮನಾಝಿರ್ ಬರೆದ ಇಬ್ನ್ ಅಲ್ ಹೈಥಮ್ ಹೆಸರು ಹೇಳುತ್ತೇವೆ. ಹೆಮ್ಮೆ ಸರಿಯೇ. ಆದರೆ ದೊಡ್ಡವರು ಹೇಳಿದ್ದನ್ನೂ ಪ್ರಯೋಗ ಮಾಡಿ ನೋಡಬೇಕು ಎಂದವರು ಅವರು. ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿದರೆ, ಅರ್ಧದಷ್ಟು ವಿದ್ಯಾರ್ಥಿಗಳಿಗೆ ಒಂದು ಮಸೂರವನ್ನೂ ಮುಟ್ಟಲು ಕೊಡದಿದ್ದರೆ, ಆ ಹೆಮ್ಮೆಯಿಂದ ಯಾರಿಗೂ ಏನೂ ಸಿಗುವುದಿಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ವಿನಂತಿ ಮೂರು. ಮೊದಲನೆಯದು, ಮುಂದಿನ ವಿಜ್ಞಾನ ದಿನದ ಉಪನ್ಯಾಸ ಎಲ್ಲ ವಿಭಾಗದವರಿಗೂ ಇರಲಿ. ಜಾಗ ಸಾಲದಿದ್ದರೆ ಆಸಕ್ತಿ ಇರುವವರು ಹೆಸರು ಕೊಡುವ ವ್ಯವಸ್ಥೆ ಮಾಡಲಿ. ಎರಡನೆಯದು, ಭಾರತೀಯ ವಿಜ್ಞಾನ ಸಂಸ್ಥೆಯವರು ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ನಮ್ಮ ಕಾಲೇಜಿನಿಂದ ಹೋಗುವ ಬಸ್ಸಿನಲ್ಲಿ ಕಾಮರ್ಸ್ ಮತ್ತು ಆರ್ಟ್ಸ್‌ನವರಿಗೂ ಸೀಟು ಇರಲಿ. ಚೌಡಯ್ಯ ರಸ್ತೆಯ ನೆಹರು ತಾರಾಲಯಕ್ಕೂ ಹಾಗೆಯೇ. ಅದನ್ನು ಕಟ್ಟಿ ಬೆಳೆಸಿದ ಸಿ.ವಿ. ವಿಶ್ವೇಶ್ವರ ಅವರು ಕಪ್ಪುರಂಧ್ರದ ತರಂಗಗಳ ಬಗ್ಗೆ 1970ರಲ್ಲಿ ಮಾಡಿದ ಲೆಕ್ಕ ಲೈಗೋ ಕಂಡ ತರಂಗವನ್ನು ಅರಿಯಲು ನೆರವಾಯಿತು ಎಂಬುದು ನಮ್ಮ ಕಾಲೇಜಿನಲ್ಲಿ ಎಷ್ಟು ಜನರಿಗೆ ಗೊತ್ತು? ಮೂರನೆಯದು, ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಭೌತಶಾಸ್ತ್ರ ಪ್ರಯೋಗಾಲಯವನ್ನು ಒಂದು ಗಂಟೆ ನಮಗೂ ತೆರೆಯಲಿ. ಪಿಸಿಎಂಬಿ ಗೆಳೆಯರು ತೋರಿಸಿಕೊಡಲಿ. ಬದಲಿಗೆ ನಾವು ಅವರಿಗೆ ಬ್ಯಾಂಕ್ ಖಾತೆ, ಶಿಕ್ಷಣ ಸಾಲ, ವಿದ್ಯಾರ್ಥಿವೇತನದ ಅರ್ಜಿಗಳ ವಿಷಯ ಹೇಳಿಕೊಡುತ್ತೇವೆ. ಈ ಮೂರಕ್ಕೂ ಹೆಚ್ಚು ಖರ್ಚಿಲ್ಲ.

ಸಹಪಾಠಿಗಳಿಗೂ ಒಂದು ಮಾತು. ಯಾರಾದರೂ ಇದು ನಿಮ್ಮ ವಿಷಯವಲ್ಲ ಎಂದರೆ ಸುಮ್ಮನೆ ಒಪ್ಪಿಕೊಳ್ಳಬೇಡಿ. ವಿಜ್ಞಾನ ದಿನಕ್ಕೆ ಇನ್ನೂ ಸಮಯವಿದೆ. ಹೆಸರು ಕೊಡಲು ಇಷ್ಟವಿರುವವರು ನಿಮ್ಮ ತರಗತಿಯ ಪ್ರತಿನಿಧಿಗೆ ತಿಳಿಸಿ. ಪಟ್ಟಿ ಉದ್ದವಾದರೆ ಇಲ್ಲ ಎನ್ನುವುದು ಕಷ್ಟ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ